ಎಡೆ ಉಂಡವನ ತಪ್ಪು

ಹರಿಹರದ ಹೊಳೆದಂಡೆ ಗೆಳೆಯರ ಬಳಗದವರು ಮಾಲತೇಶಣ್ಣನನ್ನು ಕ್ಷಮಿಸಲು ಒಪ್ಪಿದ್ದಾರೆ ಎಂಬ ಸುದ್ದಿಯನ್ನು ನನ್ನ ಗಂಡ ಊಟಕ್ಕೆ ಕೂತಾಗ ಹೇಳಿದರು. ಎಂಥ ದೊಡ್ಡ ಮನಸ್ಸು ನೋಡಿ! ಹನ್ನೆರಡು ವರ್ಷ ಒಬ್ಬ ಮನುಷ್ಯನನ್ನು ಕಬಡ್ಡಿ ಅಂಕಣದ ಗೆರೆ ಮುಟ್ಟಲು ಬಿಡದವರು, ಎಡ ಮೂಲೆಯಲ್ಲಿ ನಿಲ್ಲಲು ಬೇರೆ ಯಾರೂ ಸಿಗದೆ ಹೋದಾಗ ಕ್ಷಮಿಸಲು ಒಪ್ಪಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. "ಯಾವ ತಪ್ಪಿಗೆ ಕ್ಷಮಿಸ್ತಾರಂತೆ?" ಎಂದು ಕೇಳಿದೆ. ಅವರು ಅನ್ನ ಕಲಸುತ್ತಲೇ ಇದ್ದರು. ಆಮೇಲೆ ಇನ್ನೊಂದು ಸೌಟು ಸಾರು ಕೇಳಿದರು.

ನನ್ನ ಗಂಡ ಅರುಣ್ ಕುಮಾರ್ ಆ ಬಳಗದ ಕಬಡ್ಡಿ ತಂಡದ ಕ್ಯಾಪ್ಟನ್. ಈಗ ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಅವರಿಗೆ ವಿಮಾ ಕಂಪನಿಯ ಕೆಲಸ, ನನಗೆ ಕಾಲೇಜಿನ ಲೈಬ್ರರಿಯಲ್ಲಿ. ಆದರೆ ಅವರು ಹುಟ್ಟಿ ಬೆಳೆದದ್ದು ಹರಿಹರದಲ್ಲಿ, ತಂಡವೂ ಅಲ್ಲಿಯದೇ. ಭಾನುವಾರ ಬಂತೆಂದರೆ ಸ್ಕೂಟರ್ ಹರಿಹರದ ಕಡೆಗೆ ತಾನೇ ತಿರುಗುತ್ತದೆ. ಅದಕ್ಕೆ ನಾನು ಯಾವತ್ತೂ ಅಡ್ಡಿ ಮಾಡಿದವಳಲ್ಲ. ಆಟ ಆಡಲಿ, ಮೊಣಕಾಲು ತರಚಿಕೊಂಡು ಬರಲಿ, ಅರಿಸಿನ ಹಚ್ಚುತ್ತೇನೆ. ನನ್ನ ಜಗಳ ಆಟದ ಜೊತೆ ಅಲ್ಲ.

ಮಾಲತೇಶಣ್ಣ ಬಾತಿಯವನು, ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಹಳ್ಳಿ ಅದು. ಅಪ್ಪ ಹುಲಿಯಪ್ಪನದು ತುಂಡು ಜಮೀನು, ಉಳಿದ ದಿನ ಕೂಲಿ. ಮಗ ಹತ್ತನೇ ಕ್ಲಾಸು ಮುಗಿಸಿ ಹರಿಹರದ ಒಂದು ವೆಲ್ಡಿಂಗ್ ಶಾಪ್ ಸೇರಿದ, ಇವತ್ತಿಗೂ ಅಲ್ಲೇ ಗೇಟು, ಗ್ರಿಲ್ಲು ಮಾಡುತ್ತಾನೆ. ಗಿಡ್ಡ ಆಳು, ದಪ್ಪ ಕುತ್ತಿಗೆ, ಮುಂಗೈ ತುಂಬಾ ಕಿಡಿ ಸಿಡಿದ ಕಲೆ. ಮಾತು ಬಹಳ ಕಮ್ಮಿ. ನೀವು ನಾಲ್ಕು ಪ್ರಶ್ನೆ ಕೇಳಿದರೆ ಒಂದಕ್ಕೆ "ಹ್ಞೂಂ" ಅನ್ನುತ್ತಾನೆ, ಉಳಿದದ್ದಕ್ಕೆ ನಗುತ್ತಾನೆ. ಆದರೆ ಅಂಕಣದೊಳಗೆ ಅವನು ಬೇರೆಯೇ ಮನುಷ್ಯ ಅಂತ ಅವನನ್ನು ಹೊರಗಿಟ್ಟವರೇ ಹೇಳುತ್ತಾರೆ. ಎಡ ಮೂಲೆಯಲ್ಲಿ ಬಗ್ಗಿ ನಿಂತು, ರೇಡ್‌ಗೆ ಬಂದವನ ಕಣ್ಣು ನೋಡದೆ ಬರೀ ಕಾಲು ನೋಡುತ್ತಿದ್ದನಂತೆ. ಹಿಮ್ಮಡಿ ಒಮ್ಮೆ ಅವನ ಕೈಗೆ ಸಿಕ್ಕರೆ ಆ ರೇಡರ್ ಕತೆ ಮುಗಿಯಿತು.

ಇಂಥವನು ಮಾಡಿದ ಮಹಾಪರಾಧ ಏನು ಗೊತ್ತೇ? ಊಟ. ಹೌದು, ಊಟ ಮಾಡಿದ.

ಹನ್ನೆರಡು ವರ್ಷದ ಹಿಂದೆ ದಾವಣಗೆರೆಯಲ್ಲಿ ನಡೆದದ್ದು ಅರವತ್ತು ಕೆಜಿ ಒಳಗಿನವರ ಪಂದ್ಯಾವಳಿ. ಪಂದ್ಯದ ದಿನ ಬೆಳಿಗ್ಗೆ ಪ್ರತಿಯೊಬ್ಬ ಆಟಗಾರನೂ ತೂಕದ ಯಂತ್ರ ಹತ್ತಬೇಕು, ಅರವತ್ತು ದಾಟಿದವನು ಹೊರಗೆ. ಇದಕ್ಕಾಗಿ ಹುಡುಗರು ಪಡುವ ಪಾಡು ಹೇಳತೀರದು. ಎರಡೆರಡು ದಿನ ಅನ್ನ ಬಿಡುತ್ತಾರೆ, ಸುಡುವ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಓಡುತ್ತಾರೆ, ಕೊನೆಕೊನೆಗೆ ಬಾಯಲ್ಲಿ ಎಂಜಲು ಕೂಡ ನಿಲ್ಲಬಾರದು ಎಂದು ಉಗಿಯುತ್ತಾ ತಿರುಗುತ್ತಾರೆ. ಮಾಲತೇಶಣ್ಣನದು ಕಬ್ಬಿಣ ಎತ್ತಿ ಬೆಳೆದ ಮೈ, ಎಲ್ಲರಿಗಿಂತ ಅವನಿಗೇ ಕಷ್ಟ. ಆದರೂ ಇಳಿಸಿದ್ದ. ಹಿಂದಿನ ಸಂಜೆ ಗುಜರಿ ಅಂಗಡಿಯಲ್ಲಿ ತೂಕ ನೋಡಿಕೊಂಡಾಗ ಸ್ವಲ್ಪದರಲ್ಲಿ ಒಳಗಿದ್ದ.

ಬೆಳಿಗ್ಗೆ ಎಲ್ಲರೂ ಹರಿಹರದ ನಮ್ಮ ಮನೆಯಲ್ಲಿ ಸೇರಿ ದಾವಣಗೆರೆಗೆ ಹೊರಡುವುದು ಅಂತ ಮಾತಾಗಿತ್ತು. ನಾನಿನ್ನೂ ಆ ಮನೆಗೆ ಸೊಸೆಯಾಗಿ ಬಂದಿರಲಿಲ್ಲ, ಇದನ್ನೆಲ್ಲ ನಮ್ಮ ಅತ್ತೆ ತಿಪ್ಪಮ್ಮನವರ ಬಾಯಿಂದಲೇ ಕೇಳಿದ್ದು. ಮಗನ ತಂಡ ಗೆಲ್ಲಲಿ ಎಂದು ಅತ್ತೆ ಅವತ್ತು ಬೇಗ ಎದ್ದು ಹೋಳಿಗೆ ಮಾಡಿ ಮನೆದೇವರು ಚೌಡೇಶ್ವರಿಗೆ ಎಡೆ ಇಟ್ಟಿದ್ದರು. ದೇವಿಯ ಮುಂದೆ ಬಾಳೆಲೆಯಲ್ಲಿ ಇಟ್ಟ ಆ ಎಡೆಯನ್ನು ಪೂಜೆಯಾದ ಮೇಲೆ ಬಾಗಿಲಿಗೆ ಮೊದಲು ಬಂದವರು ಉಣ್ಣಬೇಕು, ಅದು ನಮ್ಮ ಮನೆಯ ಪದ್ಧತಿ. ಮೊದಲು ಬಂದವನು ಮಾಲತೇಶಣ್ಣ.

"ಬಾರೋ, ಕೈಕಾಲು ತೊಳ್ಕ. ಎಡೆ ಉಣ್ಣು" ಅಂದರಂತೆ ಅತ್ತೆ.

"ಬ್ಯಾಡ ಅವ್ವ. ಇವತ್ತು ತೂಕ ಮಾಡ್ತಾರೆ."

"ತೂಕ ಮಾಡಾಕೆ ನೀನೇನು ಮೆಣಸಿನಕಾಯಿ ಚೀಲ ಏನೋ? ಮುಖ ನೋಡು, ಹೆಂಗೆ ಬತ್ತಿ ಹೋಗೈತೆ. ಕೂತ್ಕ."

"ಆಮ್ಯಾಲೆ ಬಂದು ಉಣ್ತೀನಿ ಅವ್ವ."

"ತಾಯಿ ಎಡೆ ಬ್ಯಾಡ ಅಂತೀಯಾ? ನಿಮ್ಮ ತಂಡಕ್ಕೇ ಅಂತ ಮಾಡಿರೋದು ಕಣೋ ಇದು!"

ಅವನು ಕೂತ. ಅತ್ತೆ ಬಡಿಸಿದರು. ಹೋಳಿಗೆ, ಮೇಲೆ ತುಪ್ಪ, ಅನ್ನ, ಕಟ್ಟಿನ ಸಾರು. ಎಡೆಯ ಎಲೆಯಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಕೊನೆಗೆ ಒಂದು ಚೊಂಬು ಮಜ್ಜಿಗೆ. ಅವನು ಎಲೆ ಮಡಚುವ ಹೊತ್ತಿಗೆ ಉಳಿದವರೆಲ್ಲ ಬಂದರು, ಎಲ್ಲರೂ ನೋಡಿದರು. ಅತ್ತೆ ಮಗನಿಗೂ ಒಂದು ಹೋಳಿಗೆ ಹಿಡಿದರು. ನನ್ನ ಗಂಡ ಏನಂದರು ಗೊತ್ತೇ? "ಸುಮ್ನಿರವ್ವ, ತೂಕ ಆದ ಮೇಲೆ ತಿಂತೀವಿ." ಅತ್ತೆ ಸುಮ್ಮನಾದರು! ಹೆತ್ತ ಮಗ ಬೇಡ ಅನ್ನಬಹುದು, ಅವ್ವನ ಬಾಯಿಗೆ ಎದುರು ಹೇಳಬಹುದು. ಬಾತಿಯಿಂದ ಬಂದ ಹುಡುಗ ಹೇಗೆ ಅಂದಾನು?

ದಾವಣಗೆರೆಯಲ್ಲಿ ತೂಕಕ್ಕೆ ನಿಂತಾಗ ಮುನ್ನೂರು ಗ್ರಾಂ ಹೆಚ್ಚು. ಅಂಪೈರ್ ಒಳ್ಳೆಯವರು, ಸ್ವಲ್ಪ ಸಮಯ ಕೊಟ್ಟರು. ಮಾಲತೇಶಣ್ಣ ಸ್ವೆಟರ್ ಹಾಕಿಕೊಂಡು ಮೈದಾನ ಸುತ್ತಲು ಶುರುಮಾಡಿದ. ಆಗ ಅಂಜನ್ ಬಂದು ಅವನನ್ನು ತಡೆದ. ಈ ಅಂಜನ್ ತಂಡದ ದೊಡ್ಡ ರೇಡರ್, ಪಾಯಿಂಟ್ ತರುವವನು, ಆದ್ದರಿಂದ ಎಲ್ಲರಿಗೂ ಮುದ್ದು.

"ಓಡೋದೆಲ್ಲ ಯಾಕ? ಗಂಟ್ಲಿಗೆ ಬೆರಳು ಹಾಕ್ಕೊಂಡು ಕಕ್ಕು. ಒಂದು ನಿಮಿಷದ ಕೆಲಸ" ಅಂದ.

ಮಾಲತೇಶಣ್ಣ ಒಪ್ಪಲಿಲ್ಲ. "ಎಡೆ ಉಂಡೀನಿ. ಕಕ್ಕಬಾರ್ದು" ಅಂದನಂತೆ. ಮತ್ತೆ ಓಡಿದ. ಕಣ್ಣು ಕತ್ತಲೆ ಬಂದು ಮಣ್ಣಲ್ಲಿ ಕೂರುವವರೆಗೂ ಓಡಿದ. ಆದರೂ ತೂಕದ ಮುಳ್ಳು ಅರವತ್ತಕ್ಕೆ ಇಳಿಯಲಿಲ್ಲ. ಅವನ ಬದಲು ಇನ್ನೂ ಕಲಿಯುತ್ತಿದ್ದ ಒಬ್ಬನನ್ನು ಮೂಲೆಗೆ ನಿಲ್ಲಿಸಿದರು. ಎದುರಾಳಿಗಳು ಅದೇ ಮೂಲೆಗೆ ನುಗ್ಗಿ ನುಗ್ಗಿ ಪಾಯಿಂಟ್ ಕಿತ್ತುಕೊಂಡು ಹೋದರು. ತಂಡ ಸೋತಿತು.

ಅಲ್ಲಿಂದ ಶುರುವಾಯಿತು ನೋಡಿ. ಯಾರೂ ಅವನನ್ನು ತಂಡದಿಂದ ತೆಗೆದಿದ್ದೇವೆ ಎಂದು ಹೇಳಲಿಲ್ಲ. ಹೇಳುವುದಕ್ಕೂ ಎದೆಗಾರಿಕೆ ಬೇಕಲ್ಲ! ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಅವನು ಪ್ರಾಕ್ಟೀಸ್‌ಗೆ ಬಂದರೆ ಏಳು ಜನ ಆಗಲೇ ಅಂಕಣದಲ್ಲಿ ನಿಂತಿರುತ್ತಿದ್ದರು. "ಹೋಳಿಗೆ" ಎಂದು ಹೆಸರಿಟ್ಟರು. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ "ಏ ಹೋಳಿಗೆ, ಉಂಡ್ಯಾ?" ಎಂದು ಕೂಗುವವರಿದ್ದರು. ಆ ಹೆಸರು ವೆಲ್ಡಿಂಗ್ ಶಾಪ್‌ಗೂ ಹೋಯಿತು, ಬಾತಿಗೂ ಹೋಯಿತು. ಅವನ ಹೆಂಡತಿ ಸುಷ್ಮಾ ಮದುವೆಯಾಗಿ ಬಂದ ಹೊಸತರಲ್ಲಿ, ಇವರಿಗೆ ಹೋಳಿಗೆ ಅಂದರೆ ಅಷ್ಟು ಇಷ್ಟವೇ ಎಂದು ತಿಳಿದು ಯುಗಾದಿಗೆ ರಾಶಿ ಮಾಡಿಟ್ಟಿದ್ದಳಂತೆ. ಅವನು ಮುಟ್ಟಲಿಲ್ಲ.

ಅವನೊಮ್ಮೆ, ಒಂದೇ ಒಂದು ಸಲ, ಬಾಯಿ ಬಿಟ್ಟು "ಎಡೆ ಹಾಕಿದ್ದು ಕ್ಯಾಪ್ಟನ್ ಅವ್ವ" ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ ಬಿಡಿ, ಎಲ್ಲರೂ ಕಣ್ಣಾರೆ ಕಂಡಿದ್ದರಲ್ಲ! ನನ್ನ ಹೊಟ್ಟೆ ಉರಿಸುವುದು ಅದೇ. ಇದೇನು ಮುಚ್ಚಿಟ್ಟ ಗುಟ್ಟಲ್ಲ. ಇಡೀ ತಂಡಕ್ಕೆ ಗೊತ್ತಿತ್ತು. ಕ್ಯಾಪ್ಟನ್ ಅವ್ವನ ಹೆಸರು ಎತ್ತಲು ಯಾರಿಗೂ ನಾಲಿಗೆ ಬರಲಿಲ್ಲ, ಬಾತಿಯ ಕೂಲಿಯವನ ಮಗನನ್ನು ಹಂಗಿಸಲು ಎಲ್ಲರಿಗೂ ಬಂತು. ಅತ್ತೆ ಆಗಲೇ ಮಗನಿಗೆ ಹೇಳಿದ್ದರಂತೆ, "ಉಣ್ಣಿಸಿದ್ದು ನಾನು ಕಣೋ, ಅವನಿಗೆ ಯಾಕ ಬೈತೀರಿ?" ಅದಕ್ಕೆ ಮಗರಾಯ, "ನಿಂಗೆ ಆಟದ್ದು ಗೊತ್ತಾಗಲ್ಲ, ಒಳಗೆ ಹೋಗು" ಅಂದಿದ್ದರಂತೆ.

ಇನ್ನು ಅಂಜನ್ ಕತೆ ಕೇಳಿ. ಕೆಲವು ವರ್ಷಗಳ ಹಿಂದೆ ಒಂದು ಪಂದ್ಯದಲ್ಲಿ ತನ್ನನ್ನು ಔಟ್ ಕೊಟ್ಟರೆಂದು ಅಂಪೈರ್ ಕೆನ್ನೆಗೆ ಹೊಡೆದ. ವಯಸ್ಸಾದ ಮನುಷ್ಯ, ಕನ್ನಡಕ ಒಡೆದುಹೋಯಿತು. ಇಡೀ ತಂಡವನ್ನೇ ಒಂದು ವರ್ಷ ಯಾವ ಪಂದ್ಯಕ್ಕೂ ಸೇರಿಸಲಿಲ್ಲ. ವರ್ಷ ಮುಗಿದು ಅವನು ವಾಪಸು ಬಂದ ದಿನ ಏನು ಮಾಡಿದರು ಗೊತ್ತೇ? ಹಾರ ಹಾಕಿದರು! ಪಟಾಕಿ ಹೊಡೆದರು! "ಬಿಸಿ ರಕ್ತ, ಆಗ್ತೈತೆ" ಎಂದರು ಬಳಗದ ಅಧ್ಯಕ್ಷರು ಮಲ್ಲೇಶಪ್ಪನವರು. ರೇಡರ್ ಅಂಪೈರ್‌ಗೆ ಹೊಡೆದರೆ ಬಿಸಿ ರಕ್ತ, ಮೂಲೆಯವನು ದೇವರ ಎಡೆ ಉಂಡರೆ ದ್ರೋಹ. ಪಾಯಿಂಟ್ ತರುವವನಿಗೆ ಎಷ್ಟು ಸಲ ಬೇಕಾದರೂ ಕ್ಷಮೆ ಉಂಟು. ಕಾಲು ಹಿಡಿದು ಬೀಳಿಸುವವನಿಗೆ ಇಲ್ಲ. ನಾಚಿಕೆಯಾಗಬೇಕು.

ಈ ಹನ್ನೆರಡು ವರ್ಷ ಮಾಲತೇಶಣ್ಣ ಏನು ಮಾಡಿದ ಅಂತೀರಿ? ಪ್ರತಿ ಪಂದ್ಯಕ್ಕೂ ಬಂದ. ಕಾಂಪೌಂಡ್ ಹೊರಗೆ ನಿಂತು ನೋಡಿ ಹೋದ. ವಿದ್ಯಾನಗರದ ನಮ್ಮ ಮನೆಯ ಗೇಟು ಅವನೇ ಮಾಡಿಕೊಟ್ಟದ್ದು. ಅತ್ತೆಯ ಕಣ್ಣಿನ ಆಪರೇಷನ್ ದಿನ ನನ್ನ ಗಂಡ ಊರಲ್ಲಿರಲಿಲ್ಲ, ಕೆಲಸ ಬಿಟ್ಟು ಬಂದು ಆಸ್ಪತ್ರೆಯಲ್ಲಿ ಕೂತವನು ಅವನು. ಆದರೆ ನಮ್ಮ ಮನೆಯಲ್ಲಿ ಒಂದು ಲೋಟ ನೀರು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಒಮ್ಮೆ ನಾನೇ ಕೇಳಿದೆ, "ಅಲ್ಲಣ್ಣ, ಅವತ್ತು ಅಷ್ಟು ಬೆರಳು ಹಾಕ್ಕೊಂಡಿದ್ರೆ ಏನಾಗ್ತಿತ್ತು?" ಅವನು ನಕ್ಕ. "ಅವ್ವ ಕೈಯಾರೆ ಬಡಿಸಿದ್ದು, ರೇವತಿ. ಹೆಂಗೆ ಹೊರಗೆ ಹಾಕ್ಲಿ?" ಅಂದ. ಆ ಮನುಷ್ಯನಿಗೆ ಬೇಕಾದದ್ದು ಒಂದೇ, ಇನ್ನೊಂದು ಸಲ ಆ ಮೂಲೆಯಲ್ಲಿ ನಿಲ್ಲುವುದು. ಸುಷ್ಮಾ ನನಗೆ ಎಷ್ಟೋ ಸಲ ಹೇಳಿದ್ದಳು, ಟೀವಿಯಲ್ಲಿ ಕಬಡ್ಡಿ ಬಂದರೆ ಕೂತಲ್ಲೇ ಅವನ ಕೈ ಆಡುತ್ತಿರುತ್ತದೆ ಎಂದು.

ಈಗ ಹರಿಹರದಲ್ಲಿ ಹಳಬರ ಪಂದ್ಯ ಇಟ್ಟುಕೊಂಡರು, ಮೂವತ್ತೈದು ದಾಟಿದವರದ್ದು. ತೂಕಗೀಕ ಏನೂ ಇಲ್ಲ, ಎಲ್ಲರಿಗೂ ಹೊಟ್ಟೆ ಬಂದಿದೆ. ನಮ್ಮವರ ತಂಡಕ್ಕೆ ಆರೇ ಜನ ಸಿಕ್ಕರು. ಆಗ ನೆನಪಾದ ಮಾಲತೇಶಣ್ಣ! ಸುಮ್ಮನೆ ಕರೆದಿದ್ದರೆ ನಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ಮಲ್ಲೇಶಪ್ಪನವರು ಷರತ್ತು ಹಾಕಿದರು. ಪಂದ್ಯಕ್ಕೆ ಮುಂಚೆ ತೆಂಗಿನಕಾಯಿ, ಎಲೆಅಡಿಕೆ ಹಿಡಿದು ತಂಡದ ಮುಂದೆ ನಿಂತು "ನನ್ನದು ತಪ್ಪಾಯ್ತು" ಎನ್ನಬೇಕು, ಆಮೇಲೆ ಆಟ. ನನ್ನ ಗಂಡ ಅದನ್ನು ಬಾತಿಗೆ ಹೋಗಿ ಹೇಳಿ ಬಂದರು. ಅವನು "ಹ್ಞೂಂ" ಅಂದನಂತೆ.

"ನಿಮಗೆ ಹೇಳೋಕಾದರೂ ಬಾಯಿ ಹೆಂಗೆ ಬಂತ್ರೀ?" ಎಂದು ನಾನು ಕಿರುಚಿದೆ.

"ಅವನಿಗೇ ಇಲ್ಲದ ಬ್ಯಾಸರ ನಿಂಗ್ಯಾಕ? ಒಂದು ಮಾತು ಅಂದ್ರೆ ಮುಗೀತು."

"ಒಂದು ಮಾತೇ ಆದ್ರೆ ನೀವೇ ಅನ್ರಿ."

ಮೂಲೆಯಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದ ಅತ್ತೆ ತಲೆ ಎತ್ತಿದರು. "ಭಾನುವಾರ ನಾನೂ ಬರ್ತೀನಿ, ಕರ್ಕೊಂಡು ಹೋಗು" ಅಂದರು. ಅಷ್ಟೇ ಅಂದದ್ದು.

ಭಾನುವಾರ ಮೈದಾನದಲ್ಲಿ ಶಾಮಿಯಾನ, ಮೈಕು, ಪ್ಲಾಸ್ಟಿಕ್ ಕುರ್ಚಿ. ನಾನು, ಅತ್ತೆ ಮುಂದಿನ ಸಾಲಿನಲ್ಲಿ ಕೂತೆವು. ಮಾಲತೇಶಣ್ಣ ಹೊಸದಾಗಿ ಕ್ಷೌರ ಮಾಡಿಸಿಕೊಂಡು ಬಂದಿದ್ದ, ಕೈಚೀಲದಲ್ಲಿ ತೆಂಗಿನಕಾಯಿ. ಮದುವೆ ಗಂಡಿನ ಹಾಗೆ ಮುಖ ಅರಳಿತ್ತು, ಅದನ್ನು ನೋಡಿಯೇ ನನಗೆ ಅಳು ಬಂತು. ಜೆರ್ಸಿಯನ್ನು ಮೊದಲೇ ಕೊಟ್ಟಿದ್ದರು, ಹಾಕಿಕೊಂಡಿದ್ದ. ತಂಡದವರು ಅವನ ಮುಂದೆ ಅರ್ಧಚಂದ್ರದ ಹಾಗೆ ನಿಂತರು. ಅಂಜನ್ ಪಕ್ಕದ ಕಿರಾಣಿ ಅಂಗಡಿಯಿಂದ ಒಂದು ತೂಕದ ಯಂತ್ರ ತಂದು ಅವನ ಕಾಲ ಹತ್ತಿರ ಇಟ್ಟ. "ಮೊದ್ಲು ಇದರ ಮ್ಯಾಲೆ ಹತ್ತಪ್ಪಾ ಹೋಳಿಗೆ!" ಜನ ಹೋ ಎಂದು ನಕ್ಕರು. ನನ್ನ ಗಂಡ ಕೂಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಾನು ನೋಡಿದೆ.

"ಹೇಳಪ್ಪ" ಅಂದರು ಮಲ್ಲೇಶಪ್ಪನವರು.

ಮಾಲತೇಶಣ್ಣ ಕಾಯಿ ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದರು. ಎಪ್ಪತ್ತು ದಾಟಿದ ಜೀವ, ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಅಂಕಣದೊಳಗೆ ನಡೆದರು.

"ಅವನೇನು ಹೇಳ್ತಾನ್ರೀ? ನಾನು ಹೇಳ್ತೀನಿ ಕೇಳ್ರಿ. ಒಲ್ಲೆ ಅಂದವನ್ನ ಕೂಡ್ರಿಸಿ ಎಡೆ ಉಣ್ಸಿದಾಕಿ ನಾನು. ತೂಕ ಅಂದ್ರೆ ಏನಂತ ನಂಗೆ ಗೊತ್ತಿರ್ಲಿಲ್ಲ. ತಪ್ಪು ನಂದು. ನನ್ನಿಂದ ನಿಮ್ಮ ಆಟ ಹೋಯ್ತು. ಕ್ಷಮಿಸೋದಿದ್ರೆ ನನ್ನ ಕ್ಷಮಿಸ್ರಿ, ಇಲ್ಲಾಂದ್ರೆ ನನ್ನ ಮನಿಗೆ ಬರೋದು ಬಿಡ್ರಿ."

ಮಲ್ಲೇಶಪ್ಪನವರು ನಕ್ಕುಬಿಟ್ಟರು. "ಅಯ್ಯೋ ತಿಪ್ಪಮ್ಮಾರೆ, ನಿಮ್ಮನ್ನ ಏನು ಕ್ಷಮಿಸೋದು! ದೇವರ ಎಡೆ, ಪ್ರೀತಿಯಿಂದ ಹಾಕೀರಿ. ಅದೊಂದು ತಪ್ಪಾ? ಬಿಡ್ರಿ, ಹಳೇದು." ಅಂಜನ್ ಅತ್ತೆಯ ಕಾಲು ಮುಟ್ಟಿ, "ಅವ್ವ, ಇವತ್ತು ಮ್ಯಾಚ್ ಆದ್ಮ್ಯಾಲೆ ನಮಗೂ ಹೋಳಿಗೆ ಹಾಕು" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಗಿಯಿತು! ಬೀಡಿ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ.

ಮಾಲತೇಶಣ್ಣ ಮಾತ್ರ ನಗಲಿಲ್ಲ. ಅವನು ಎಲ್ಲರ ಮುಖ ಒಂದೊಂದಾಗಿ ನೋಡಿದ. ಅವನ ಆ ಅರಳಿದ ಮುಖ ಹೋಗಿಬಿಟ್ಟಿತ್ತು.

"ಇಷ್ಟೇ ಏನ್ರೀ ಅದು?" ಎಂದ. "ಇಷ್ಟು ಸಣ್ಣದಾಗಿದ್ರೆ ನನಗೆ ಯಾಕ ಹನ್ನೆರಡು ವರ್ಷ?"

ಅವನು ಆ ತೆಂಗಿನಕಾಯಿ, ಎಲೆಅಡಿಕೆಯನ್ನು ನನ್ನ ಗಂಡನ ಕೈಯಲ್ಲಿಟ್ಟ.

"ಅರುಣ, ನೀನು ಅವತ್ತು ನೋಡಿದ್ದಿ. ಎಲೆ ಮಡಚ್ತಾ ಇದ್ದೆ, ನೀನು ಬಾಗಿಲಲ್ಲಿ ನಿಂತಿದ್ದಿ. ಈಗ ನೀನು ಅನ್ನು, ನನ್ನದು ತಪ್ಪಾಯ್ತು ಅಂತ. ಒಂದು ಮಾತು. ನಾನು ಆಡ್ತೀನಿ."

ನನ್ನ ಗಂಡ ಕಾಯಿ ಹಿಡಿದುಕೊಂಡು ನಿಂತರು. ನಾನು ಮನಸ್ಸಿನಲ್ಲೇ ಕೂಗಿಕೊಂಡೆ, ಅನ್ರೀ, ಅಂದುಬಿಡ್ರೀ, ಯಾರದೂ ಏನೂ ಹೋಗಲ್ಲ. ಅವರು ಒಮ್ಮೆ ಆಚೆ ಈಚೆ ನೋಡಿದರು. ಸುತ್ತ ಅಷ್ಟು ಜನ, ಮೈಕು, ಅಧ್ಯಕ್ಷರು. ರೆಫರಿ ಸೀಟಿ ಊದಿದ.

"ಮ್ಯಾಚ್ ಮುಗೀಲಿ ಮಾಲತೇಶ. ಆಮ್ಯಾಲೆ ಕೂತು ಮಾತಾಡೋಣ" ಅಂದರು ನನ್ನ ಗಂಡ.

ಮಾಲತೇಶಣ್ಣ ಜೆರ್ಸಿ ತೆಗೆದು ಮಡಚಿ ಕುರ್ಚಿಯ ಮೇಲೆ ಇಟ್ಟ. ತನ್ನ ಅಂಗಿ ತೊಟ್ಟು ಬಂದು ಅತ್ತೆಯ ಪಕ್ಕ ಕೂತ. ಎದ್ದು ಹೋಗಲಿಲ್ಲ. ಅತ್ತೆ ಅವನ ಮುಂಗೈ ಹಿಡಿದುಕೊಂಡರು.

ಅವರು ಆರೇ ಜನ ಆಡಿದರು. ಎಡ ಮೂಲೆಗೆ ನನ್ನ ಗಂಡನೇ ಹೋಗಿ ನಿಂತರು, ಅವರಿಗೆ ಆ ಜಾಗದ ಅಭ್ಯಾಸವಿಲ್ಲ. ಎರಡು ರೇಡ್ ಹೋದವು, ಎರಡರಲ್ಲೂ ಪಾಯಿಂಟ್ ಹೋಯಿತು. ಮೂರನೆಯದಕ್ಕೆ ನನ್ನ ಪಕ್ಕದಿಂದ ಒಂದು ಕೂಗು ಬಂತು. "ಅರುಣಾ, ಕಾಲು ನೋಡು! ಮುಖ ನೋಡಬ್ಯಾಡ!" ಮಾತೇ ಆಡದ ಮಾಲತೇಶಣ್ಣ ಕುರ್ಚಿಯ ತುದಿಗೆ ಬಂದು ಕೂತಿದ್ದ. "ಹಿಂದೆ ಸರಿ, ಇನ್ನೂ ಹಿಂದೆ! ಬಲಗಾಲು ಹಾಕ್ತಾನೆ ಈಗ! ಹಿಡೀ!" ಪಂದ್ಯ ಮುಗಿಯುವವರೆಗೆ ಆ ಮನುಷ್ಯ ಹಾಗೆಯೇ ಕೂಗಿದ. ಗಂಟಲು ಒಡೆದುಹೋಗಿ ಬರೀ ಗಾಳಿ ಬರುತ್ತಿದ್ದರೂ ಕೂಗಿದ. ನಾನು ಅಂಕಣದ ಕಡೆ ನೋಡಲೇ ಇಲ್ಲ, ಅವನನ್ನೇ ನೋಡಿದೆ.

ನಾಲ್ಕು ಪಾಯಿಂಟ್‌ನಿಂದ ಸೋತರು. ಶಾಮಿಯಾನ ಬಿಚ್ಚುವ ಮೊದಲೇ ಅಂಜನ್ ಷರಾ ಬರೆದಾಗಿತ್ತು. "ಮತ್ತೆ ಅವನಿಂದಲೇ ಸೋತ್ವಿ. ಕೊನೇ ಗಳಿಗೇಲಿ ಕೈ ಕೊಟ್ಟ. ಅವತ್ತೂ ಹಂಗೇ, ಇವತ್ತೂ ಹಂಗೇ." ಮಲ್ಲೇಶಪ್ಪನವರು ತಲೆಯಾಡಿಸಿದರು. "ನಾವು ಅವಕಾಶ ಕೊಟ್ವಿ, ಅವನಿಗೇ ಅಹಂಕಾರ." ನೋಡಿದಿರಾ? ನೋಡಿದಿರಾ ಇವರ ನಾಲಿಗೆಯನ್ನು? ನಾನು ಅಲ್ಲೇ ಎರಡು ಮಾತು ಅಂದೆ, ಅವನ್ನು ಇಲ್ಲಿ ಬರೆಯುವಂತಿಲ್ಲ.

ಸಂಜೆ ಮನೆಗೆ ಬಂದ ಮೇಲೆ ನನ್ನ ಗಂಡ ಬಚ್ಚಲಲ್ಲಿ ಕಾಲು ತೊಳೆಯುತ್ತಾ ಬಹಳ ಹೊತ್ತು ನಿಂತಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳಿದೆ, "ಮಾಲತೇಶಣ್ಣ ಕೂಗಿದ್ದು ನಿಮಗೆ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

"ಮತ್ತೆ?"

"ಅವನು ಹೇಳಿದಂಗೇ ಮಾಡಿದೆ. ಅದಕ್ಕೇ ನಾಲ್ಕರಲ್ಲಿ ಸೋತ್ವಿ. ಇಲ್ಲಾಂದ್ರೆ ಇಪ್ಪತ್ತರಲ್ಲಿ ಸೋಲ್ತಿದ್ವಿ."

"ಹಂಗಾದ್ರೆ ಎದ್ದು ಹೋಗಿ ಅಷ್ಟನ್ನಾದ್ರೂ ಅವನ ಮುಂದೆ ಹೇಳಿ ಬರ್ರಿ. ಬಾತಿ ಏನು ಕಾಶಿನಾ?"

"ನಾಳೆ ಹೋಗ್ತೀನಿ" ಅಂದರು.

ಆ ನಾಳೆಗೆ ತಿಂಗಳು ತುಂಬಿತು. ಪ್ರತಿ ಭಾನುವಾರ ಸ್ಕೂಟರ್ ಬಾತಿ ದಾಟಿಯೇ ಹರಿಹರಕ್ಕೆ ಹೋಗುತ್ತದೆ, ನಿಲ್ಲುವುದಿಲ್ಲ. ಅವರು ಹೇಳಲಾರದ್ದನ್ನು ನಾನು ಇಲ್ಲಿ ಹೇಳಿದ್ದೇನೆ, ಮನೆಯ ಮರ್ಯಾದೆ ಬೀದಿಗೆ ತಂದೆ ಎಂದು ಯಾರಾದರೂ ಅಂದರೆ ಅನ್ನಲಿ. ಮೊನ್ನೆ ಸುಷ್ಮಾ ಬಸ್ಸಿನಲ್ಲಿ ಸಿಕ್ಕಿದ್ದಳು. ಪಂದ್ಯದ ಮರುದಿನದಿಂದ ವಾರವಿಡೀ ಅವನಿಗೆ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲವಂತೆ, ಶಾಪ್‌ನಲ್ಲಿ ಜನ "ನಿನ್ನಿಂದಲೇ ಸೋತರಂತಲ್ಲೋ" ಎಂದು ಕೇಳಿದಾಗ ಸುಮ್ಮನೆ ಬಿಸಿನೀರು ಕುಡಿಯುತ್ತಿದ್ದನಂತೆ.